ಪೇಟೆಯ ಹೆಣ್ಣುಮಕ್ಕಳ ಶಾಲೆ ಮತ್ತು ರೈಸ್ ಕುಟುಂಬ

ಬಿ.ಎಲ್. ರೈಸ್ ಯಾರೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಹಳೇ ಮೈಸೂರು ಸೀಮೆಯನ್ನು ಕುದುರೆಯ ಮೇಲೆ ಸುತ್ತಿ, ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದವರು. ಅವರನ್ನು ನಾವು ಇಂಗ್ಲೆಂಡಿನವರೆಂದೇ ಲೆಕ್ಕ ಹಾಕುತ್ತೇವೆ. ಆದರೆ 1837ರ ಜುಲೈ 17ರಂದು ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ. ಅಪ್ಪ ಬೆಂಜಮಿನ್ ರೈಸ್, ಲಂಡನ್ ಮಿಶನರಿ ಸೊಸೈಟಿಯ ಪಾದ್ರಿ. ಅಮ್ಮ ಜೇನ್ ಪೀಚ್ ಸಿಂಗರ್. ಮಗನ ಬಗ್ಗೆ ಎಷ್ಟೋ ಬರೆದಿದ್ದಾರೆ, ಅಪ್ಪನ ಹೆಸರಲ್ಲಿ ಚರ್ಚೇ ಇದೆ. ನನಗೆ ಕುತೂಹಲ ಇರುವುದು ಅಮ್ಮನ ಕೆಲಸದ ಬಗ್ಗೆ.

ಈ ದಂಪತಿ ಬಂದಾಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೈಯಲ್ಲಿತ್ತು. ಬೆಂಗಳೂರು ಅಂದರೆ ಎರಡು ಊರು. ಪೂರ್ವಕ್ಕೆ 1809ರಲ್ಲಿ ಶುರುವಾದ ದಂಡು, ಅಲ್ಲಿ ಸೈನಿಕರು, ತಮಿಳು ಕುಟುಂಬಗಳು. ಪಶ್ಚಿಮಕ್ಕೆ ಹಳೆಯ ಪೇಟೆ: ಅರಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಕಸುಬಿನ ಹೆಸರು ಹೊತ್ತ ಇಕ್ಕಟ್ಟು ಬೀದಿಗಳಲ್ಲಿ ದುಡಿದು ತಿನ್ನುವ ಜನ. 1820ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಲಂಡನ್ ಮಿಶನ್ ಮೊದಲು ಬೇರೂರಿದ್ದು ದಂಡಿನಲ್ಲಿ. ಪೇಟೆಗೆ ಬರಬೇಕಾದರೆ ಕನ್ನಡ ಬೇಕಿತ್ತು. ಬೆಂಜಮಿನ್ ರೈಸ್ ಅದನ್ನು ಕಲಿತರು, ಎಷ್ಟು ಚೆನ್ನಾಗಿ ಅಂದರೆ ಮುಂದೆ ಕನ್ನಡ ಬೈಬಲ್ ಪರಿಷ್ಕರಿಸಿದ ಸಮಿತಿಯಲ್ಲೂ ಕೂತರು.

1840ರಲ್ಲಿ ಜೇನ್ ರೈಸ್ ಮತ್ತು ಅದೇ ಮಿಶನಿನ ಶ್ರೀಮತಿ ಸೀವೆಲ್ ಪೇಟೆಯಲ್ಲಿ ಕನ್ನಡದ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಆ ಇಸವಿಯನ್ನು ಸ್ವಲ್ಪ ಗಮನಿಸಿ. ಪುಣೆಯಲ್ಲಿ ಫುಲೆ ದಂಪತಿಯ ಶಾಲೆ 1848ರದ್ದು. ಕಲಕತ್ತೆಯ ಬೆಥೂನ್ ಶಾಲೆ 1849ರದ್ದು. ಮೈಸೂರಿನ ಮಹಾರಾಣಿ ಶಾಲೆ ಬಂದದ್ದು 1881ರಲ್ಲಿ, ಅಂದರೆ ನಲವತ್ತೊಂದು ವರ್ಷ ಆದಮೇಲೆ. ಇದನ್ನು ‘ಯಾರು ಮೊದಲು’ ಎಂಬ ಪಂದ್ಯ ಮಾಡುವುದು ನನಗೆ ಇಷ್ಟವಿಲ್ಲ. ಬೊಂಬಾಯಿಯಲ್ಲಿ ಅಮೆರಿಕನ್ ಮಿಶನಿನವರು 1824ರಲ್ಲೇ ಹುಡುಗಿಯರ ಶಾಲೆ ತೆರೆದಿದ್ದರು. ಸಾವಿತ್ರಿಬಾಯಿಯವರ ಮೇಲೆ ಅವರದೇ ಜನ ತಿರುಗಿಬಿದ್ದರು, ಆ ಕಷ್ಟ ಬೇರೆ ಜಾತಿಯದು. ಆದರೂ ಕನ್ನಡದ ಮಟ್ಟಿಗೆ 1840 ಸಣ್ಣ ಇಸವಿಯಲ್ಲ.

ಓದಿದ ಹುಡುಗಿ ವಿಧವೆಯಾಗುತ್ತಾಳೆ ಎಂಬ ನಂಬಿಕೆ ಆಗ ನಿಜವಾಗಿ ಇತ್ತು. ಓದು ಬರಹ ದೇವದಾಸಿಯರಿಗೆ ಸರಿ, ಗೃಹಸ್ಥರ ಮನೆಗಲ್ಲ ಎಂಬ ಮಾತೂ ಇತ್ತು. ಎಂಟು ಹತ್ತು ವರ್ಷಕ್ಕೆ ಮದುವೆ. ಹೀಗಾಗಿ ದಿನದ ಶಾಲೆಗೆ ಬಂದ ಮಗು ನಾಳೆ ಬರುತ್ತದೆ ಅನ್ನುವ ಭರವಸೆ ಇರಲಿಲ್ಲ. 1842ರಲ್ಲಿ ಮಿಶನ್ ಹುಡುಗಿಯರ ಬೋರ್ಡಿಂಗ್ ಶಾಲೆಯನ್ನೂ ಶುರು ಮಾಡಿತು. ಇಂಥ ಬೋರ್ಡಿಂಗುಗಳಿಗೆ ಸೇರುತ್ತಿದ್ದವರು ಹೆಚ್ಚಾಗಿ ತಬ್ಬಲಿಗಳು, ಬಡವರ ಮಕ್ಕಳು, ಹೊಸದಾಗಿ ಕ್ರೈಸ್ತರಾದವರ ಮಕ್ಕಳು. ಊಟ, ಬಟ್ಟೆ, ಹೊಲಿಗೆ, ಕನ್ನಡ ಓದು.

ಊಟಕ್ಕೆ ಬದಲಾಗಿ ಧರ್ಮ ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ, ಬರಲಿ. ಮತಪ್ರಚಾರ ಇವರ ಮುಚ್ಚಿಟ್ಟ ಉದ್ದೇಶವಾಗಿರಲಿಲ್ಲ, ಬೋರ್ಡು ಹಾಕಿಕೊಂಡ ಉದ್ದೇಶ. ಪೇಟೆಯ ತಂದೆತಾಯಿಯರ ಹೆದರಿಕೆಯೂ ಬರೀ ಮೌಢ್ಯವಲ್ಲ. 1844ರಲ್ಲಿ ಮಂಗಳೂರಿನ ಬಾಸೆಲ್ ಮಿಶನಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಯುವಕ ದೀಕ್ಷೆ ಪಡೆದಾಗ ಊರೇ ಅಲ್ಲೋಲಕಲ್ಲೋಲವಾಗಿತ್ತು. ಆದರೆ ಉದ್ದೇಶವೊಂದು, ಫಲವೊಂದು. ಅಕ್ಷರ ಕಲಿತ ಹುಡುಗಿ ಅದರಿಂದ ಏನು ಓದಬೇಕೆಂದು ಮಿಶನ್ ಕೊನೆತನಕ ನಿರ್ಧರಿಸಲು ಆಗುತ್ತಿರಲಿಲ್ಲ. ನನ್ನ ತೂಕ ಈ ಕಡೆಗೇ.

ಹೈದರಾಬಾದಿನಲ್ಲಿರುವ ನಮಗೆ ಇದು ಹೊಸ ಕಥೆಯಲ್ಲ. ಅಬಿಡ್ಸ್ ಹತ್ತಿರದ ಸ್ಟ್ಯಾನ್ಲಿ ಶಾಲೆ ಅಮೆರಿಕನ್ ಮೆಥಡಿಸ್ಟರು 1895ರಲ್ಲಿ ಶುರು ಮಾಡಿದ್ದು. ಅದೇ ಮಿಶನ್ ನಿಜಾಮರ ಕಾಲದಲ್ಲಿ ಬೀದರ್, ರಾಯಚೂರಿನಲ್ಲೂ ಕೆಲಸ ಮಾಡಿತು. ಮಗಳಿಗೆ ಸೀಟು ಸಿಕ್ಕಿತೇ ಎಂದು ಕೇಳುವ ನಾವು ಶಾಲೆ ಯಾರದೆಂದು ಕೇಳುವುದು ಕಡಿಮೆ.

ಮತ್ತೆ ರೈಸ್ ಮನೆಗೆ ಬರೋಣ. ಪೇಟೆಯ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ ಈ ಮನೆಯ ಮಗ ಓದಿದ್ದು ಮಾತ್ರ ಇಂಗ್ಲೆಂಡಿನಲ್ಲಿ. ಆ ಕಾಲದ ಮಿಶನರಿ ಕುಟುಂಬಗಳ ರೂಢಿ ಅದು: ಊರ ಮಕ್ಕಳು ಹತ್ತಿರ, ಹೆತ್ತ ಮಕ್ಕಳು ಸಮುದ್ರದಾಚೆ. ವಲಸೆ ಬಂದ ನಮಗೆ ಅದರ ಕಷ್ಟ ಒಂದಿಷ್ಟಾದರೂ ಅರ್ಥವಾಗುತ್ತದೆ. 1860ರಲ್ಲಿ ಮಗ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥನಾಗಿ ಮರಳಿ ಬಂದ. ಮುಂದೆ ಅದೇ ಸೆಂಟ್ರಲ್ ಕಾಲೇಜಾಯಿತು. 1868ರಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆಯನ್ನು ಸರ್ಕಾರಕ್ಕೆ ರೂಪಿಸಿಕೊಟ್ಟದ್ದೂ ಅವನೇ. ಅಪ್ಪ ಅಮ್ಮ ಒಂದು ಪೇಟೆಯಲ್ಲಿ, ಚರ್ಚಿನ ದುಡ್ಡಲ್ಲಿ ಮಾಡಿದ್ದನ್ನು ಮಗ ಇಡೀ ಸಂಸ್ಥಾನಕ್ಕೆ, ಧರ್ಮವನ್ನು ಬದಿಗಿಟ್ಟು, ಸರ್ಕಾರದ ದುಡ್ಡಲ್ಲಿ ಮಾಡಹೊರಟ. ಶಾಸನಗಳಿಗಿಂತ ಇದೇ ದೊಡ್ಡ ಕೆಲಸ ಎಂದು ನನ್ನ ವಾದ, ಒಪ್ಪದವರು ಇರಬಹುದು. ಇನ್ನೊಬ್ಬ ಮಗ ಇ.ಪಿ. ರೈಸ್ ಅಪ್ಪನ ದಾರಿಯಲ್ಲೇ ಮಿಶನರಿಯಾಗಿ, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು.

ಬೆಂಜಮಿನ್ ರೈಸ್ ಐವತ್ತು ವರ್ಷ ಬೆಂಗಳೂರಿನಲ್ಲಿದ್ದು 1887ರಲ್ಲಿ ತೀರಿಕೊಂಡರು. ಅವರು ಬೋಧಿಸುತ್ತಿದ್ದ ಪ್ರಾರ್ಥನಾಮಂದಿರ ಇದ್ದದ್ದು ದೊಡ್ಡಪೇಟೆ ಬೀದಿಯಲ್ಲಿ, ಅಂದರೆ ಈಗಿನ ಅವೆನ್ಯೂ ರೋಡಿನಲ್ಲಿ. ಅದೇ ಜಾಗದಲ್ಲಿ ಮುಂದೆ ಕಟ್ಟಿದ್ದು ರೈಸ್ ಮೆಮೋರಿಯಲ್ ಚರ್ಚ್. ಹಳೇ ಪುಸ್ತಕ ಹುಡುಕಲು ಆ ರಸ್ತೆಗೆ ಹೋದವರೆಲ್ಲ ಅದರ ಮುಂದೆಯೇ ಹಾದುಹೋಗಿರುತ್ತಾರೆ. ಜೇನ್ ರೈಸ್ ಹೆಸರಿನ ಕಟ್ಟಡ ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೆ ಮಿಶನ್ ರೋಡಿನ ಮಿತ್ರಾಲಯ ಬಾಲಕಿಯರ ಶಾಲೆಯ ಬೇರು ಹೋಗುವುದು ಆ 1842ರ ಬೋರ್ಡಿಂಗಿಗೇ.