ಆಟಿಕೆಯಿಂದ ಹುಟ್ಟಿದ ವಿಮಾನ: ಕಿನ್ನಾಳದ ಕೈ, ಬೆಂಗಳೂರಿನ ಗಾಳಿ, ಭಾನಾಪುರದ ಫ್ಯಾಕ್ಟರಿ

ಕುಕನೂರು ಹತ್ತಿರದ ಭಾನಾಪುರದಲ್ಲಿ ಆಟಿಕೆ ಫ್ಯಾಕ್ಟರಿಗಳ ದೊಡ್ಡ ಕ್ಲಸ್ಟರ್ ಇರುವುದು ನಮ್ಮ ಜಿಲ್ಲೆಯ ಬಹಳ ಜನರಿಗೆ ಗೊತ್ತು. ಅದನ್ನು ಕಟ್ಟಿದ್ದು ಏಕಸ್ ಕಂಪನಿ. ಈ ಕಂಪನಿಯ ಮೂಲ ಕಸುಬು ಬೇರೆಯೇ. ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ಅದು ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಬಿಡಿಭಾಗ ಮಾಡಿಕೊಡುತ್ತದೆ.

ವಿಮಾನದ ಕೆಲಸ ಮಾಡುವವರು ಆಟಿಕೆಗೆ ಯಾಕೆ ಕೈ ಹಾಕಿದರು ಅಂತ ಕೇಳುವವರಿದ್ದಾರೆ. ಹಳೆಯ ಕಥೆ ತೆಗೆದು ನೋಡಿದರೆ ಈ ಪ್ರಶ್ನೆಯೇ ಉಲ್ಟಾ ಆಗುತ್ತದೆ. ಆಟಿಕೆ ಮಾಡುತ್ತಿದ್ದವರೇ ವಿಮಾನಕ್ಕೆ ಕೈ ಹಾಕಿದ್ದು. ಮೊದಲು ಬಂದದ್ದು ಆಟಿಕೆ, ಆಮೇಲೆ ಬಂದದ್ದು ವಿಮಾನ. ಇವತ್ತಿಗೂ ಹೊಸ ವಿಮಾನ ಜನರನ್ನು ಹೊರುವ ಮೊದಲು ಸಾಮಾನ್ಯವಾಗಿ ಸಣ್ಣ ಮಾದರಿಯಾಗಿ ಗಾಳಿಯ ಪರೀಕ್ಷೆಗೆ ಒಳಗಾಗುತ್ತದೆ. ಆ ಮಾದರಿಗಳ ಇತಿಹಾಸ ನಮಗೆ ಯಾಕೆ ಬೇಕು ಅನ್ನುವುದು ಓದುತ್ತಾ ಹೋದಂತೆ ಗೊತ್ತಾಗುತ್ತದೆ.

ರಬ್ಬರ್ ಸುತ್ತಿ ಬಿಟ್ಟ ಹಕ್ಕಿ

1871ರಲ್ಲಿ ಫ್ರಾನ್ಸ್ ದೇಶದ ಆಲ್ಫೋನ್ಸ್ ಪೆನೋ ಎಂಬ ಯುವಕ ಪ್ಯಾರಿಸ್ಸಿನ ಒಂದು ತೋಟದಲ್ಲಿ ಜನರ ಮುಂದೆ ಸಣ್ಣ ವಿಮಾನದ ಮಾದರಿ ಹಾರಿಸಿದ. ಎಂಜಿನ್ ಇಲ್ಲ, ಪೆಟ್ರೋಲ್ ಇಲ್ಲ. ರಬ್ಬರನ್ನು ಹುರಿ ಹೊಸೆದ ಹಾಗೆ ತಿರುಚಿ ಬಿಟ್ಟರೆ, ಅದು ಬಿಚ್ಚಿಕೊಳ್ಳುವಾಗ ಹಿಂದಿನ ಪಂಕ ತಿರುಗುತ್ತಿತ್ತು. ಅದು 11 ಸೆಕೆಂಡು ಹಾರಿತು. ಹಿಂದೆ ಒಂದು ಸಣ್ಣ ಬಾಲದ ರೆಕ್ಕೆ ಇದ್ದದ್ದರಿಂದ ಪಲ್ಟಿ ಹೊಡೆಯದೆ ನೆಟ್ಟಗೆ ಹೋಯಿತು. ಇವತ್ತಿನ ಪ್ರಯಾಣಿಕರ ವಿಮಾನಗಳಲ್ಲಿ ಹಿಂದುಗಡೆ ಕಾಣುವ ಬಾಲದ ಕೆಲಸವೂ ಅದೇ.

ಪೆನೋನ ದಾರಿಯಲ್ಲೇ ತಯಾರಾದ ಇನ್ನೊಂದು ಆಟಿಕೆ ಅಮೆರಿಕಕ್ಕೆ ಹೋಯಿತು. ಬಿದಿರು, ಕಾಗದ, ಬೆಂಡು ಮತ್ತು ರಬ್ಬರಿನಿಂದ ಮಾಡಿದ ಸಣ್ಣ ಹೆಲಿಕಾಪ್ಟರ್ ಅದು. 1878ರಲ್ಲಿ ಒಬ್ಬ ತಂದೆ ಊರಿಂದ ಬರುವಾಗ ಅದನ್ನು ತನ್ನ ಇಬ್ಬರು ಗಂಡುಮಕ್ಕಳಿಗೆ ತಂದುಕೊಟ್ಟ. ಅದು ಮುರಿದ ಮೇಲೆ ಹುಡುಗರು ತಾವೇ ಇನ್ನೊಂದು ಮಾಡಿಕೊಂಡರು. ಆ ಹುಡುಗರೇ ವಿಲ್ಬರ್ ಮತ್ತು ಆರ್ವಿಲ್ ರೈಟ್.

ಅದೇ ಆಟಿಕೆಯನ್ನು ದೊಡ್ಡದಾಗಿ ಮಾಡಿದಾಗ ಮಾತ್ರ ಅದು ಹಾರಲಿಲ್ಲ. ಯಾಕೆ ಎನ್ನುವುದು ಅವರಿಗೆ ಆಗ ತಿಳಿಯಲಿಲ್ಲ. ದೊಡ್ಡವರಾದ ಮೇಲೆ, 1901ರಲ್ಲಿ, ಸೈಕಲ್ ಅಂಗಡಿ ನಡೆಸುತ್ತಲೇ ಮರದ ಪೆಟ್ಟಿಗೆಯೊಂದರಲ್ಲಿ ಫ್ಯಾನ್ ಗಾಳಿ ಬಿಟ್ಟು ಸುಮಾರು 200 ಬಗೆಯ ಪುಟ್ಟ ರೆಕ್ಕೆಗಳನ್ನು ಪರೀಕ್ಷೆ ಮಾಡಿದರು. ಆ ಲೆಕ್ಕದ ಮೇಲೆ ಕಟ್ಟಿದ ವಿಮಾನ 1903ರ ಡಿಸೆಂಬರ್ 17ರಂದು ಮೊದಲ ಸಲ 12 ಸೆಕೆಂಡು, 120 ಅಡಿ ಹಾರಿತು. ಪೆನೋನ ಆಟಿಕೆ 11 ಸೆಕೆಂಡು, ಮನುಷ್ಯನನ್ನು ಹೊತ್ತ ವಿಮಾನ 12 ಸೆಕೆಂಡು. ನಡುವೆ ಕಳೆದದ್ದು 32 ವರ್ಷ.

ಸಣ್ಣದು ಹಾರಿದರೆ ದೊಡ್ಡದು ಹಾರುತ್ತದೆಯೇ?

ಕಣದಲ್ಲಿ ರಾಶಿ ತೂರಿದವರಿಗೆ ಇದು ಬೇಗ ತಿಳಿಯುತ್ತದೆ. ಮೊರದಿಂದ ಬಿಟ್ಟ ಕಾಳು ನೆಟ್ಟಗೆ ಬೀಳುತ್ತದೆ, ಹೊಟ್ಟು ಗಾಳಿಗೆ ಹಾರಿ ದೂರ ಹೋಗುತ್ತದೆ. ಹೊಟ್ಟಿನ ತೂಕ ಕಡಿಮೆ, ಅಗಲ ಹೆಚ್ಚು. ಗಾಳಿ ಹಿಡಿಯುವುದು ಅಗಲವನ್ನು, ಭೂಮಿ ಎಳೆಯುವುದು ತೂಕವನ್ನು.

ಈಗ ಒಂದು ವಿಮಾನವನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ ಹತ್ತನೇ ಒಂದು ಪಾಲಿಗೆ ಇಳಿಸಿ ಎಂದುಕೊಳ್ಳಿ. ರೆಕ್ಕೆಯ ವಿಸ್ತೀರ್ಣ ನೂರನೇ ಒಂದು ಪಾಲಾಗುತ್ತದೆ. ಅದೇ ವಸ್ತುವಿನಲ್ಲಿ ಮಾಡಿದರೆ ತೂಕ ಮಾತ್ರ ಸಾವಿರದ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಸಣ್ಣದು ಹೊಟ್ಟಿನ ಜಾತಿಗೆ ಹತ್ತಿರ, ದೊಡ್ಡದು ಕಾಳಿನ ಜಾತಿಗೆ ಹತ್ತಿರ. ರೈಟ್ ಸಹೋದರರ ದೊಡ್ಡ ಆಟಿಕೆ ಏಳದೇ ಇದ್ದುದಕ್ಕೆ ಕಾರಣ ಇದು. ಗಾಳಿ ಹರಿಯುವ ರೀತಿಯೂ ಗಾತ್ರದ ಜೊತೆ ಬದಲಾಗುತ್ತದೆ. ಅದಕ್ಕಾಗಿಯೇ ಮಾದರಿ ಎಷ್ಟು ದೊಡ್ಡದಿದ್ದರೆ ಅಷ್ಟು ನಂಬಿಕೆ. ಹವ್ಯಾಸಿಗಳೂ ವಿಜ್ಞಾನಿಗಳೂ ದೊಡ್ಡ ಮಾದರಿಗೆ ಆಸೆ ಪಡುವುದು ಬರೀ ಅಂದಕ್ಕಲ್ಲ.

ಒಂದು ಉದಾಹರಣೆ ನೋಡಿ. ಹೊಸಪೇಟೆ ಆಚೆ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ 2017ರಲ್ಲಿ ಉಡಾನ್ ಯೋಜನೆಯಡಿ ಬರತೊಡಗಿದ್ದು ಎಟಿಆರ್-72 ಎಂಬ ಪಂಕದ ವಿಮಾನ. ಅದರ ಉದ್ದ ಸುಮಾರು 27 ಮೀಟರ್. ಅಂಗಡಿಯಲ್ಲಿ ಸಿಗುವ 72ರ ಒಂದು ಪಾಲಿನ ಮಾದರಿ ಮಾಡಿದರೆ ಅದು ಸುಮಾರು 38 ಸೆಂಟಿಮೀಟರ್, ಟೇಬಲ್ ಮೇಲೆ ಕೂರುತ್ತದೆ. ಹತ್ತರ ಒಂದು ಪಾಲಿನದು ಮಾಡಿದರೆ 9 ಅಡಿ. ಅದನ್ನು ಇಡಲು ಪಡಸಾಲೆಯೇ ಬೇಕು.

ಚಿತ್ರ ಇದ್ದರೆ ಸಾಲದು

ನಮ್ಮ ಕಡೆ ವಾಟ್ಸಾಪಿನಲ್ಲಿ ಆಗಾಗ ಒಂದು ಸುದ್ದಿ ಬರುತ್ತದೆ: ಸಾವಿರಾರು ವರ್ಷಗಳ ಹಿಂದೆಯೇ ಋಷಿಗಳು ವಿಮಾನ ಕಟ್ಟುವ ಶಾಸ್ತ್ರ ಬರೆದಿಟ್ಟಿದ್ದರು ಅಂತ. ಆ ಪುಸ್ತಕದ ಹೆಸರು ವೈಮಾನಿಕ ಶಾಸ್ತ್ರ. ಅದಕ್ಕೂ ಕರ್ನಾಟಕಕ್ಕೂ ನೇರ ಸಂಬಂಧ ಇದೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ಪಠ್ಯ ಅದು. ಅದರ ವಿಮಾನಗಳ ನಕ್ಷೆಗಳನ್ನು 1923ರಲ್ಲಿ ಬೆಂಗಳೂರಿನ ಎಲ್ಲಪ್ಪ ಎಂಬ ಡ್ರಾಫ್ಟ್ಸ್‌ಮನ್ ಬರೆದರು. ಮೈಸೂರಿನ ಜಿ.ಆರ್. ಜೋಯ್ಸರ್ 1973ರಲ್ಲಿ ಅದರ ಇಂಗ್ಲಿಷ್ ಅನುವಾದ ಪ್ರಕಟಿಸಿದರು.

ಮರುವರ್ಷವೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿಜ್ಞಾನಿಗಳು ಆ ಪುಸ್ತಕವನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಎಚ್.ಎಸ್. ಮುಕುಂದ ಅವರಲ್ಲಿ ಒಬ್ಬರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ಆಕಾರ, ತೂಕ, ಅಳತೆ ಎಲ್ಲ ಲೆಕ್ಕ ಹಾಕಿದರು. ಯಾವುದೂ ಹಾರಲಾರದು, ಪಠ್ಯವೂ 20ನೇ ಶತಮಾನದ ಆರಂಭದ್ದು ಎಂಬ ತೀರ್ಮಾನಕ್ಕೆ ಬಂದರು.

ಇದರಲ್ಲಿ ನಮ್ಮ ಹಿರಿಯರಿಗೆ ಅವಮಾನ ಏನೂ ಇಲ್ಲ. ವಿಮಾನದ ವಿಷಯದಲ್ಲಿ ಮಾತಿಗೆ, ಚಿತ್ರಕ್ಕೆ, ನಂಬಿಕೆಗೆ ಗಾಳಿ ತಲೆಬಾಗುವುದಿಲ್ಲ. ಮಾದರಿ ಮಾಡಿ ಗಾಳಿಗೆ ಹಿಡಿದರೆ ನಿಜ ಯಾವುದು ಅಂತ ಅದೇ ಹೇಳುತ್ತದೆ.

ಕುದುರೆ ಲಾಯದಲ್ಲಿ ಶುರುವಾದ ಸಂಶೋಧನೆ

1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಆ ಹೊತ್ತಿಗೆ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಿಜಾಮರ ರಾಜ್ಯದಲ್ಲಿದ್ದವು. ಬೆಂಗಳೂರು ನಮಗೆ ಬೇರೆ ರಾಜ್ಯ. ವಿಜ್ಞಾನ ಸಂಸ್ಥೆಯಲ್ಲಿ 1942ರ ಡಿಸೆಂಬರ್‌ನಲ್ಲಿ ವಿಮಾನ ವಿಭಾಗ ತೆರೆಯಿತು, ವಿ.ಎಂ. ಘಾಟಗೆ ಅದರ ಮುಖ್ಯಸ್ಥರಾದರು. ಮುಂದೆ ಅಲ್ಲಿ 14 ಅಡಿ ಅಗಲ, 9 ಅಡಿ ಎತ್ತರದ ಗಾಳಿ ಸುರಂಗ ಬಂತು. ಅದರಲ್ಲಿ ಮಾದರಿ ನಿಂತಲ್ಲೇ ನಿಲ್ಲುತ್ತದೆ, ಗಾಳಿ ಅದರ ಮೇಲೆ ಹಾಯುತ್ತದೆ. ಗಾಳಿ ಎಷ್ಟು ಎತ್ತಿತು, ಎಷ್ಟು ಹಿಂದಕ್ಕೆ ತಳ್ಳಿತು ಅಂತ ತಕ್ಕಡಿಯಂಥ ಯಂತ್ರ ತೂಗಿ ಹೇಳುತ್ತದೆ.

1959ರಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌ಎಎಲ್ ಸ್ಥಾಪನೆಯಾಯಿತು. ಬೆಂಗಳೂರಿಗೆ ಬಂದಾಗ ಅದಕ್ಕೆ ಸಿಕ್ಕ ಮೊದಲ ಜಾಗ ಮೈಸೂರು ಮಹಾರಾಜರ ಅರಮನೆಯ ಕುದುರೆ ಲಾಯ. ಅಲ್ಲಿಂದ ಬೆಳೆದ ಸಂಸ್ಥೆ ಯುದ್ಧಕ್ಕಲ್ಲದೆ ಜನಬಳಕೆಗೆ ಬೇಕಾದ ವಿಮಾನಗಳನ್ನೂ ರೂಪಿಸಿತು. ಫ್ಲೈಯಿಂಗ್ ಕ್ಲಬ್ಬುಗಳಿಗೆ ಎರಡು ಸೀಟಿನ ಹಂಸ 1993ರಲ್ಲಿ ಹಾರಿತು. 14 ಸೀಟಿನ ಸಾರಸ್ 2004ರ ಮೇ 29ರಂದು ಹಾರಿತು.

ಸಾರಸ್ ಕಥೆ ನೋವಿನದು. 2009ರ ಮಾರ್ಚ್ 6ರಂದು ಅದರ ಎರಡನೇ ವಿಮಾನ ಪರೀಕ್ಷೆ ವೇಳೆ ಬಿಡದಿ ಹತ್ತಿರ ಬಿದ್ದು, ಅದರಲ್ಲಿದ್ದ ಮೂವರೂ ಪ್ರಾಣ ಕಳೆದುಕೊಂಡರು. ಕೆಲಸ ವರ್ಷಗಟ್ಟಲೆ ಕುಂಟಿತು. ಸುಧಾರಿಸಿದ ಸಾರಸ್ ಮತ್ತೆ ಹಾರಿದ್ದು 2018ರಲ್ಲಿ. ಮಾದರಿ ಎಲ್ಲವನ್ನೂ ಹೇಳಿಬಿಡುವುದಿಲ್ಲ. ಆದರೆ ಮಾದರಿಯ ಹಂತದಲ್ಲಿ ಸಿಕ್ಕ ತಪ್ಪಿಗೆ ಒಂದಿಷ್ಟು ಕಟ್ಟಿಗೆ, ಲೋಹ ಹೋಗುತ್ತದೆ. ಆಕಾಶದಲ್ಲಿ ಸಿಕ್ಕ ತಪ್ಪಿಗೆ ಜೀವ ಹೋಗುತ್ತದೆ.

ಮಾದರಿಗೆ ಇನ್ನೊಂದು ಕೆಲಸವೂ ಇದೆ: ನೆನಪು ಉಳಿಸುವುದು. 1958ರಲ್ಲಿ ಎಚ್‌ಎಎಲ್ ಪುಷ್ಪಕ್ ಎಂಬ ಎರಡು ಸೀಟಿನ ವಿಮಾನ ತಂದಿತು. ಸುಮಾರು 160 ಪುಷ್ಪಕ್‌ಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋದವು. ಹೊಲಕ್ಕೆ ಔಷಧಿ ಸಿಂಪಡಿಸಲು 1972ರಲ್ಲಿ ಬಸಂತ್ ಎಂಬ ವಿಮಾನವನ್ನೂ ಎಚ್‌ಎಎಲ್ ಹಾರಿಸಿತ್ತು. ಹಾರಾಟ ನಿಂತ ವಿಮಾನ ಸಾಮಾನ್ಯವಾಗಿ ಗುಜರಿಗೆ ಹೋಗುತ್ತದೆ. ಬಸಂತ್‌ನಂಥ ವಿಮಾನ ಹೇಗಿತ್ತು ಅಂತ ನಾಳಿನ ರೈತನ ಮಗಳಿಗೆ ತೋರಿಸಬೇಕಾದರೆ ಉಳಿಯುವುದು ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಂಥ ಜಾಗ, ಇಲ್ಲವೇ ಅಳತೆ ತಪ್ಪದೆ ಯಾರೋ ಕಟ್ಟಿಟ್ಟ ಮಾದರಿ.

ಕಿನ್ನಾಳಕ್ಕೆ ಗೊತ್ತಿದ್ದ ವಿದ್ಯೆ

ಈಗ ನಮ್ಮೂರಿಗೆ ಬರೋಣ. ಮಾದರಿ ವಿಮಾನ ಕಟ್ಟುವವರು ಹುಡುಕುವುದು ಹಗುರವಾದ, ಕೆತ್ತಲು ಸುಲಭವಾದ ಮರ. ಜಗತ್ತಿನಲ್ಲೆಲ್ಲ ಇದಕ್ಕೆ ಹೆಸರಾದದ್ದು ದಕ್ಷಿಣ ಅಮೆರಿಕದ ಬಾಲ್ಸಾ. ಅದನ್ನು ಕೆತ್ತಿ, ಅಂಟಿಸಿ, ಮೇಲೆ ತೆಳು ಕಾಗದ ಇಲ್ಲವೇ ಬಟ್ಟೆ ಹೊದಿಸಿ, ಬಿಗಿಯಾಗಲು ಒಂದು ದ್ರವ ಬಳಿದು, ಉಜ್ಜಿ ನುಣುಪು ಮಾಡಿ ಬಣ್ಣ ಹಚ್ಚುತ್ತಾರೆ. ಪುಷ್ಪಕ್ ವಿಮಾನದ ಮೈಯೂ ಹೀಗೆ ಬಟ್ಟೆ ಹೊದಿಸಿದ್ದೇ.

ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ತಲೆತಲಾಂತರದಿಂದ ಮಾಡುತ್ತ ಬಂದದ್ದೂ ಬಹುಪಾಲು ಇದೇ ಕೆಲಸ. ಅವರು ಆರಿಸಿದ್ದು ಪೊಲ್ಕಿ ಎಂಬ ಹಗುರ ಮರ. ಬೇರೆ ಬೇರೆ ಭಾಗ ಕೆತ್ತಿ ಜೋಡಿಸುತ್ತಾರೆ. ನೆನೆಸಿ, ಒಣಗಿಸಿ, ಪುಡಿ ಮಾಡಿದ ಗೋಣಿಬಟ್ಟೆಗೆ ಕಟ್ಟಿಗೆ ಪುಡಿ, ಹುಣಸೆ ಬೀಜದ ಅಂಟು ಕಲಸಿದರೆ ಕಿಟ್ಟ ತಯಾರು. ಕೀಲುಗಳು ಅದರಿಂದ ಮುಚ್ಚುತ್ತವೆ. ಮೇಲೆ ಬಟ್ಟೆಯ ತುಂಡುಗಳನ್ನು ಅಂಟಿಸಿ, ಬಿಳಿ ಕಲ್ಲಿನ ಪುಡಿಯ ಲೇಪ ಕೊಟ್ಟು, ಬಣ್ಣ ತುಂಬುತ್ತಾರೆ. ಹಂಪಿಯ ಪಂಪಾಪತಿ ಗುಡಿಯ ಚಿತ್ರಗಳು ಇವರ ಪೂರ್ವಿಕರ ಕೈಯವು ಎಂಬ ಹೇಳಿಕೆ ಇದೆ. ಕಿನ್ನಾಳದ ಹೆಸರಾದ ಗೊಂಬೆಗಳಲ್ಲಿ ರೆಕ್ಕೆ ಬಿಚ್ಚಿದ ಗರುಡನೂ ಒಬ್ಬ.

ಕಿನ್ನಾಳದವರು ವಿಮಾನ ಮಾಡಿದ್ದರು ಅಂತ ನಾವು ಹೇಳುತ್ತಿಲ್ಲ. ಗರುಡ ಪೂಜೆಗೆ, ಗಾಳಿಗಲ್ಲ. ಆದರೆ ಹಗುರ ಮರ ಗುರುತಿಸುವ ಕಣ್ಣು, ಎರಡು ರೆಕ್ಕೆ ಸಮ ಬರುವಂತೆ ಕೆತ್ತುವ ಕೈ, ಬಟ್ಟೆ-ಅಂಟಿನಿಂದ ಗಟ್ಟಿ ಮೈ ಕಟ್ಟುವ ವಿದ್ಯೆ ಇಲ್ಲಿತ್ತು, ಇನ್ನೂ ಇದೆ. ಪ್ಯಾರಿಸ್ಸಿನಲ್ಲಿ, ಅಮೆರಿಕದಲ್ಲಿ ಅಂಥ ಕೈಗಳಿಗೆ ಗಾಳಿಯ ಲೆಕ್ಕ ಜೊತೆಯಾಯಿತು. ಇಲ್ಲಿ ಆ ಲೆಕ್ಕ ಜೊತೆಯಾಗಲಿಲ್ಲ. ಈಗ ಭೌಗೋಳಿಕ ಗುರುತು ಸಿಕ್ಕರೂ ಕಸುಬು ಹಿಡಿದ ಮನೆಗಳು ಕಡಿಮೆ, ಪೊಲ್ಕಿ ಮರವೂ ಸುಲಭಕ್ಕೆ ಸಿಗುವುದಿಲ್ಲ.

ಭಾನಾಪುರದ ಮುಂದಿನ ಪ್ರಶ್ನೆ

ಭಾನಾಪುರದ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅಡಿಗಲ್ಲು ಹಾಕಿದರು. 400 ಎಕರೆ ಜಾಗ, 5,000 ಕೋಟಿ ರೂಪಾಯಿ ಹೂಡಿಕೆ, 40,000 ಉದ್ಯೋಗ ಎಂದು ಆಗ ಘೋಷಣೆಯಾಗಿತ್ತು. ಎಷ್ಟು ಉದ್ಯೋಗ ಎಂದು ಕೇಳುವುದು ಸರಿಯೇ. ಅದರ ಜೊತೆಗೆ ಎಂಥ ಉದ್ಯೋಗ ಎಂದೂ ಕೇಳಬೇಕು. ಹೊರದೇಶದ ಬ್ರ್ಯಾಂಡಿನ ಅಚ್ಚಿಗೆ ಪ್ಲಾಸ್ಟಿಕ್ ತುಂಬುವುದು ಒಂದು ಕೆಲಸ. ಆ ಅಚ್ಚನ್ನು ರೂಪಿಸುವುದು ಇನ್ನೊಂದು. ಮೊದಲನೆಯದಕ್ಕೆ ಕೆಲವು ವಾರಗಳ ತರಬೇತಿ ಸಾಕು. ಎರಡನೆಯದಕ್ಕೆ ಸಣ್ಣ ವಯಸ್ಸಿನಿಂದಲೇ ಅಳತೆ, ನಕ್ಷೆ, ಕೆತ್ತನೆ ಕೈಗೆ ಹತ್ತಿರಬೇಕು.

ಇದಕ್ಕೆ ಕೋಟಿ ರೂಪಾಯಿ ಬೇಕಿಲ್ಲ. ಕುಷ್ಟಗಿಯ ಒಂದು ಹೈಸ್ಕೂಲಿನಲ್ಲಿ ಥರ್ಮಾಕೋಲ್, ಬಿದಿರು ಕಡ್ಡಿ, ರಬ್ಬರ್ ಇಟ್ಟುಕೊಂಡು ಎಟಿಆರ್-72ರ ಮಾದರಿ ಅಳತೆಗೆ ಸರಿಯಾಗಿ ಕಟ್ಟಿದರೆ ಅನುಪಾತದ ಗಣಿತ ಅಲ್ಲೇ ಬರುತ್ತದೆ. ಕಿನ್ನಾಳದ ಚಿತ್ರಗಾರರೊಬ್ಬರನ್ನು ಗೌರವಧನ ಕೊಟ್ಟು ಗುರುವಾಗಿ ಕರೆಸಿದರೆ ಮಕ್ಕಳಿಗೆ ಕೈ ಪಳಗುತ್ತದೆ, ಆ ಕಸುಬಿಗೂ ಹೊಸ ಕೆಲಸ ಸಿಗುತ್ತದೆ. ಐಟಿಐಗಳಲ್ಲಿ ಅಚ್ಚು ಮಾಡುವ ಕಲಿಕೆ ಇದರ ಮುಂದಿನ ಮೆಟ್ಟಿಲು.

ಮಗ ಆಟಿಕೆ ಬಿಚ್ಚಿ ಹಾಳು ಮಾಡಿದ ಅಂತ ಬೈಯುವ ಮೊದಲು ರೈಟ್ ಹುಡುಗರನ್ನು ಒಮ್ಮೆ ನೆನೆಯಿರಿ. ಮುರಿದದ್ದನ್ನು ಅವನೇ ಮತ್ತೆ ಕಟ್ಟಲಿ. ಮಗಳು ಕೇಳಿದರೆ ಅವಳ ಕೈಗೂ ಒಂದು ಕತ್ತರಿ, ಒಂದು ಸ್ಕೇಲು ಕೊಡಿ.