ಡಯಾಲಿಸಿಸ್ ವಾರ್ಡಿನ ದುಪ್ಪಟ್ಟು ಡೋಸು

ಅಂಗ ಕಸಿಯಾದವರಿಗೆ ಕೋವಿಡ್ ಲಸಿಕೆಯ ಮೂರನೇ ಡೋಸು ಕೊಡಬಹುದೆಂದು 2021ರ ಆಗಸ್ಟ್‌ನಲ್ಲಿ ಅಮೆರಿಕ ಒಪ್ಪಿದಾಗ ಟೀವಿಯಲ್ಲಿ ಅದು ದೊಡ್ಡ ಸುದ್ದಿ. ಡಯಾಲಿಸಿಸ್ ವಾರ್ಡಿನಲ್ಲೇ ನರ್ಸಾಗಿ ಆಯುಷ್ಯ ಕಳೆದ ನನಗೆ, ಸೋತ ಮೈಗೆ ಹೆಚ್ಚು ಲಸಿಕೆ ಕೊಡುವುದು ಹಳೆಯ ಪದ್ಧತಿ. ಹೆಪಟೈಟಿಸ್ ಬಿ ಲಸಿಕೆ ಊರಿಗೆಲ್ಲ ಒಂದೊಂದು ಮಿಲಿ, ಮೂರು ಸಲ. ನಮ್ಮ ರೋಗಿಗಳಿಗೆ ಎರಡೆರಡು ಮಿಲಿ, ನಾಲ್ಕು ಸಲ: ಇವತ್ತು, ತಿಂಗಳಿಗೆ, ಎರಡು ತಿಂಗಳಿಗೆ, ಆರು ತಿಂಗಳಿಗೆ. ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ ಜಾಗ, ಇರುವ ಕೈ ಬಿಟ್ಟು ಇನ್ನೊಂದರ ಭುಜಕ್ಕೆ.

ಈ ಪದ್ಧತಿಯ ಹಿಂದೆ ಸಾವುಗಳಿವೆ. 1969–70ರಲ್ಲಿ ಎಡಿನ್‌ಬರೋದ ಡಯಾಲಿಸಿಸ್ ಘಟಕದಲ್ಲಿ ಹೆಪಟೈಟಿಸ್ ಬಿ ಕಾಮಾಲೆ ಹರಡಿ ರೋಗಿಗಳು, ಸಿಬ್ಬಂದಿ ಸೇರಿ 11 ಜನ ಸತ್ತರು. ಮೆಷೀನಿನ ಮೇಲೆ ಒಣಗಿದ ರಕ್ತದಲ್ಲಿ ಈ ವೈರಸ್ ವಾರದವರೆಗೂ ಬದುಕಿರುತ್ತದೆ. ಕೈಗವಸು ಬದಲಿಸಲು ಮರೆತರೂ ಸಾಕು. ಪಾಸಿಟಿವ್ ಆದವರಿಗೆ ಬೇರೆ ಮೆಷೀನು ಇಡುವ ಶಿಸ್ತು ಆ ಭಯದ ಕಾಲದಲ್ಲಿ ಬೇರೂರಿತು. ಲಸಿಕೆ ಬಂದದ್ದು 1981ರಲ್ಲಿ. ಆದರೆ ಕಿಡ್ನಿ ಸೋತ ಮೈ ಲಸಿಕೆಗೆ ಸರಿಯಾಗಿ ಓಗೊಡುವುದಿಲ್ಲ. ಹಾಗಾಗಿ 1982ರ ಅಮೆರಿಕದ ಶಿಫಾರಸಿನಲ್ಲೇ ಇವರಿಗೆ 40 ಮೈಕ್ರೋಗ್ರಾಮಿನ ದುಪ್ಪಟ್ಟು ಪ್ರಮಾಣ ಸೇರಿತು. ಅಷ್ಟು ಕೊಟ್ಟರೂ ಕೆಲವರ ಟೈಟರ್, ಅಂದರೆ ರಕ್ತದ ಪ್ರತಿಕಾಯದ ಮಟ್ಟ, ರಕ್ಷಣೆಗೆ ಬೇಕಾದ 10 ದಾಟುವುದಿಲ್ಲ. ದಾಟಿದವರದೂ ಇಳಿಯುತ್ತದೆ; ವರ್ಷಕ್ಕೊಮ್ಮೆ ನೋಡಿ, ಬೇಕಾದರೆ ಮತ್ತೆ ಕೊಡಬೇಕು. ಕಿಡ್ನಿ ಸೋಲುತ್ತಿದೆಯೆಂದು ಹೇಳುವ ಕ್ರಿಯಾಟಿನಿನ್ ರಕ್ತದಲ್ಲಿ ಏರತೊಡಗಿದಾಗಲೇ, ಮೆಷೀನು ಹತ್ತುವ ಮೊದಲೇ ಸೂಜಿ ಬಿದ್ದವರಲ್ಲಿ ಫಲ ಹೆಚ್ಚು. ಎಷ್ಟೋ ಜನ ಉಸಿರು ಕಟ್ಟಿದ ಮೇಲೆಯೇ ನಮ್ಮಲ್ಲಿಗೆ ಬರುತ್ತಿದ್ದರಲ್ಲ, ನನಗೆ ಈಗಲೂ ನೋವು ಅದೇ.

ಒಬ್ಬರಿಗೆ ಎಂಟು ವಯಲು ಬೇಕಾದ ಕಡೆ ಬೆಲೆಯೂ ಚರಿತ್ರೆಯ ಭಾಗ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಶಾನ್‌ವ್ಯಾಕ್ ತಂದ ಮೇಲೆ ಈ ಲಸಿಕೆ ನಮ್ಮ ಜನರ ಕೈಗೆಟುಕಿತು. ಆ ಕಂಪನಿ ಕಟ್ಟಿದ ವರಪ್ರಸಾದ ರೆಡ್ಡಿಯವರಿಗೆ ನಮ್ಮಂಥ ವಾರ್ಡುಗಳು ಋಣಿ.

ಸೋತ ಮೈಗೆ ಹೆಚ್ಚು ಡೋಸು ಬೇಕೆಂಬ ಪಾಠ ಕೋವಿಡ್‌ನಲ್ಲೂ ಮರುಕಳಿಸಿತು. ಫ್ರಾನ್ಸಿನ ತುಲೂಸ್‌ನಲ್ಲಿ ಅಂಗ ಕಸಿಯಾದ 101 ಮಂದಿಯನ್ನು ಪರೀಕ್ಷಿಸಿದಾಗ, ಎರಡು ಡೋಸಿನ ನಂತರ ಪ್ರತಿಕಾಯ ಕಂಡದ್ದು ನೂರಕ್ಕೆ 40 ಜನರಲ್ಲಿ. ಮೂರನೆಯದರ ನಂತರ 68 ಜನರಲ್ಲಿ. ನಮ್ಮ ದೇಶದಲ್ಲಿ ಮುನ್ನೆಚ್ಚರಿಕೆ ಡೋಸು ಎಂಬ ಹೆಸರಿನಲ್ಲಿ ಮೂರನೆಯದು 2022ರ ಜನವರಿ 10ರಂದು ಶುರುವಾಯಿತು: ಆರೋಗ್ಯ ಸಿಬ್ಬಂದಿಗೆ, ಮುಂಚೂಣಿ ಕಾರ್ಯಕರ್ತರಿಗೆ, ಬೇರೆ ಕಾಯಿಲೆಯಿರುವ 60 ದಾಟಿದವರಿಗೆ. ಗಟ್ಟಿಮುಟ್ಟಾಗಿದ್ದ ನನಗೆ ಸಿಕ್ಕಿತು. ಕಿಡ್ನಿ ಕಸಿಯಾಗಿ ಮಾತ್ರೆಯ ಮೇಲೆ ಬದುಕುತ್ತಿದ್ದ, ಇನ್ನೂ ಮೂವತ್ತು ನಲವತ್ತರಲ್ಲಿದ್ದ ನಮ್ಮ ರೋಗಿಗಳ ಸರದಿ ಬಂದದ್ದು ಏಪ್ರಿಲ್ 10ಕ್ಕೆ, ಅದೂ ಖಾಸಗಿ ಕೇಂದ್ರದಲ್ಲಿ ದುಡ್ಡು ಕೊಟ್ಟು. ನನಗಿಂತ ಮುಂದೆ ಅವರು ನಿಲ್ಲಬೇಕಿತ್ತು.