ಹೊರುವ ದೋಣಿ, ತುಳಿಯುವ ದೋಣಿ: ಭೀಮಾ ದಂಡೆಯಿಂದ ಕೆಲವು ಟಿಪ್ಪಣಿಗಳು

ಧ್ವನಿ ಕೇಳಿಸ್ತಿದೆ ಅಂದುಕೊಂಡು ಶುರು ಮಾಡುತ್ತೇನೆ. ನಾನು ಮಾತಾಡ್ತಿರೋದು ಸೊಲ್ಲಾಪುರದ ನವಿ ಪೇಠದಿಂದ. ಕೆಳಗೆ ಬರೀ ಅಂಗಡಿಗಳು, ನಡುವೆ ಹಾರ್ನ್ ಕೇಳಿಸಿದರೆ ಕ್ಷಮಿಸಬೇಕು.

ಈ ಪ್ರಬಂಧ ಗ್ರಂಥಾಲಯದಲ್ಲಿ ಹುಟ್ಟಿದ್ದಲ್ಲ, ವಾಟ್ಸಾಪಿನಲ್ಲಿ ಹುಟ್ಟಿದ್ದು. ಅಕ್ಕಲಕೋಟ ತಾಲೂಕಿನ ಭೀಮಾ ದಂಡೆಯ ಒಂದು ಹಳ್ಳಿಯಲ್ಲಿ ನನ್ನ ಸೋದರಮಾವ ಮೀನು ಹಿಡಿಯುತ್ತಾರೆ. ಅವರ ಮಗ ಪುಣೆಯ ಕಾರ್ಖಾನೆಯಲ್ಲಿದ್ದಾನೆ. ಹೋದ ವರ್ಷ ಅವನೊಂದು ಫೋಟೋ ಕಳಿಸಿದ: ಹನ್ನೆರಡು ಅಡಿಯ ಹಳದಿ ಪ್ಲಾಸ್ಟಿಕ್ ದೋಣಿ, ನಡುವೆ ಕುರ್ಚಿ, ಕುರ್ಚಿಯ ಮುಂದೆ ಸೈಕಲ್ಲಿನಂಥ ಪೆಡಲು. ಕೆಳಗೆ ಕನ್ನಡದಲ್ಲಿ ಬರೆದಿದ್ದ, ‘ಅಪ್ಪಗ ಪೆಡಲ್ ಕಾಯಕ್.’ ನಾನು ಅದನ್ನು ‘ಕಾಯಕ’ ಅಂತಲೇ ಓದಿದೆ. ವಚನ ಓದುವವರ ಕಣ್ಣಿಗೆ ಅಂಟಿದ ರೋಗ ಇದು. ಎರಡು ಪದಗಳಿಗೆ ಏನೂ ಸಂಬಂಧವಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪ್ರಶ್ನೋತ್ತರದ ಹೊತ್ತಿನಲ್ಲಿ ಅದೇ ಪ್ರಶ್ನೆ ಬರುತ್ತದೆ. ಕಯಾಕ್ ಎಂಬುದು ಉತ್ತರ ಧ್ರುವದ ಇನುಯಿಟ್ ಜನರ ಪದ.

ಮಾಮಾ ಫೋಟೋ ನೋಡಿ ಮೂರೇ ಪ್ರಶ್ನೆ ಕೇಳಿದರು. ‘ಇದನ್ನ ಹೊರಾವ್ರು ಯಾರು? ಇದಕ್ಕ ನೀರ ಎಷ್ಟ ಬೇಕು? ಬಲಿ ಎಲ್ಲಿ ಇಡೂದು?’ ಬಣ್ಣ, ವೇಗ, ಕಂಪನಿ ಯಾವುದನ್ನೂ ಕೇಳಲಿಲ್ಲ. ಈ ಮೂರು ಪ್ರಶ್ನೆಗಳು ಎಷ್ಟು ಹಳೆಯವು ಅನ್ನುವುದನ್ನು ಹುಡುಕುತ್ತಾ ಹೋದೆ.

ನಮ್ಮ ಕಡೆ ಒಬ್ಬ ಮೀನುಗಾರನ ದೋಣಿ ಅಂದರೆ ಹರಿಗೋಲು. ಬಿದಿರಿನ ಸೀಳುಗಳಿಂದ ಹೆಣೆದ ದುಂಡು ಬುಟ್ಟಿ. ಹಿಂದೆ ಅದಕ್ಕೆ ತೊಗಲು ಹೊದಿಸುತ್ತಿದ್ದರು, ಆಮೇಲೆ ಡಾಂಬರು ಬಳಿದ ಬಟ್ಟೆ ಮತ್ತು ಪ್ಲಾಸ್ಟಿಕ್ ಹಾಳೆ ಬಂದವು, ಈಗ ಬಹಳ ಕಡೆ ಪೂರ್ತಿ ಫೈಬರಿನದೇ ಇದೆ. ಸುಮಾರು 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನು ಕಂಡಿದ್ದಾನೆ. ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವನ ಬರಹದ ಇಂಗ್ಲಿಷ್ ಅನುವಾದ ಇದೆ. ಆನೆಗೊಂದಿಗೆ ದಾಟುವ ದೋಣಿಗಳು ಬುಟ್ಟಿಯಂತೆ ದುಂಡಗಿವೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತುಗಳೂ ದಾಟುತ್ತವೆ ಎನ್ನುತ್ತಾನೆ. ಅವು ನೇರ ಹೋಗಲಾರವು, ಸುತ್ತುತ್ತಲೇ ಸಾಗುತ್ತವೆ ಅಂತಲೂ ಹೇಳುತ್ತಾನೆ. ಈ ಕೊನೆಯ ಮಾತನ್ನು ಓದಿ ಹೇಳಿದಾಗ ಮಾಮಾ ನಕ್ಕರು. ‘ಕೂತಾವ ಹಂಗ ನೋಡ್ಯಾನ. ಹುಟ್ಟ ಹಾಕಾವ ಹಂಗ ಹೇಳೂದಿಲ್ಲ.’ ಹುಟ್ಟನ್ನು ಮುಂಭಾಗದಲ್ಲಿ ಹಿಡಿದು, ನೀರನ್ನು ತನ್ನತ್ತ ಎಳೆಯುತ್ತಾ ಆಚೀಚೆ ತಿರುವಿದರೆ ಹರಿಗೋಲು ಹೇಳಿದ ಕಡೆ ಬರುತ್ತದೆ. ಪಾಯೆಸ್ ಬರೆದದ್ದು ಪ್ರಯಾಣಿಕನ ಚರಿತ್ರೆ. ನಮ್ಮ ಪಠ್ಯಗಳಲ್ಲಿ ಉಳಿದಿರುವುದು ಹೆಚ್ಚಾಗಿ ಅದೇ.

ಆದರೆ ಹರಿಗೋಲಿನ ನಿಜವಾದ ಗುಣ ನೀರಿನ ಮೇಲಲ್ಲ, ನೆಲದ ಮೇಲಿದೆ. ಒಬ್ಬನೇ ಅದನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ನಡೆಯಬಹುದು. ಮಾಮಾ ಹಳೆಯ ಸೊಲ್ಲಾಪುರಿ ಚಾದರಿನ ತುಂಡನ್ನು ಸಿಂಬಿ ಸುತ್ತಿ ತಲೆಗೆ ಇಟ್ಟುಕೊಳ್ಳುತ್ತಾರೆ. ಹೊರಟರೆ ಹಿಂದಿನಿಂದ ಎರಡು ಕಾಲಿನ ಆಮೆ ಕಂಡಂತೆ ಇರುತ್ತದೆ. ನದಿಯಲ್ಲಿ ಕೆಳಕ್ಕೆ ತೇಲಿ ಹೋಗುವುದು ಸುಲಭ, ಪ್ರವಾಹಕ್ಕೆ ಎದುರಾಗಿ ಮರಳುವುದು ಕಷ್ಟ. ಹಾಗಾಗಿ ಹೋಗುವಾಗ ದೋಣಿ ಮನುಷ್ಯನನ್ನು ಹೊರುತ್ತದೆ, ಬರುವಾಗ ಮನುಷ್ಯ ದೋಣಿಯನ್ನು ಹೊರುತ್ತಾನೆ. ಇದು ಭೀಮೆಯ ಕಥೆ ಮಾತ್ರವಲ್ಲ. ಕ್ರಿಸ್ತಪೂರ್ವ 5ನೇ ಶತಮಾನದ ಹೆರೊಡೋಟಸ್ ಬ್ಯಾಬಿಲೋನಿಗೆ ಬರುತ್ತಿದ್ದ ದುಂಡು ತೊಗಲು ದೋಣಿಗಳ ಬಗ್ಗೆ ಬರೆದಿದ್ದಾನೆ. ಪ್ರತಿ ದೋಣಿಯಲ್ಲಿ ಸರಕಿನ ಜೊತೆ ಒಂದು ಕತ್ತೆ ಇರುತ್ತಿತ್ತಂತೆ. ಊರು ಮುಟ್ಟಿದ ಮೇಲೆ ಸರಕನ್ನೂ ದೋಣಿಯ ಕಟ್ಟಿಗೆಯನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದು ವಾಪಸ್ಸು ಹೋಗುತ್ತಿದ್ದರು. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ 1803ರಲ್ಲಿ ಮರಾಠರ ಮೇಲಿನ ದಂಡಯಾತ್ರೆಗೆ ನಮ್ಮ ನದಿಗಳನ್ನು ದಾಟಬೇಕಾದಾಗ ಬುಟ್ಟಿದೋಣಿಗಳನ್ನೇ ಮಾಡಿಸಿದ.

ಇನ್ನು ನಮ್ಮ ವಿಭಾಗದ ವಿಷಯಕ್ಕೆ ಬರುತ್ತೇನೆ. 12ನೇ ಶತಮಾನದ ಅಂಬಿಗರ ಚೌಡಯ್ಯನನ್ನು ಬಿಟ್ಟು ಈ ಮಾತು ಆಡಲಾಗದು. ಬಹುತೇಕ ವಚನಕಾರರ ಅಂಕಿತ ದೇವರ ಹೆಸರು, ಇವನದು ತನ್ನದೇ ಹೆಸರು, ಅದೂ ಕಸುಬಿನ ಸಮೇತ. ಅವನನ್ನು ನಾವು ನಿಷ್ಠುರ ನುಡಿಯ ವಚನಕಾರ ಅಂತ ಪಾಠ ಮಾಡುತ್ತೇವೆ. ಸರಿಯೇ. ಆದರೆ ದೋಣಿಯ ಭಾರ ಎಷ್ಟು, ದಡದಿಂದ ಮನೆಗೆ ಅದನ್ನು ಹೇಗೆ ಒಯ್ಯುತ್ತಿದ್ದ ಅನ್ನುವ ಪ್ರಶ್ನೆಯನ್ನು ಯಾವ ತರಗತಿಯಲ್ಲೂ ನಾನು ಕೇಳಿಲ್ಲ. ದಾಸರ ಪದಗಳಿಗೆ ಬಂದರೆ ದೇವರೇ ಅಂಬಿಗ. ಪುರಂದರದಾಸರ ಪ್ರಸಿದ್ಧ ಪದವೊಂದರಲ್ಲಿ ಹರಿಗೋಲಿಗೆ ಒಂಬತ್ತು ತೂತು, ಅಂದರೆ ಈ ದೇಹ. ಪರೀಕ್ಷೆಯಲ್ಲಿ ರೂಪಕ ಅಂತ ಬರೆದು ಅಂಕ ತಗೊಂಡವಳು ನಾನೂ. ಇದನ್ನು ಮಾಮಾಗೆ ಹೇಳಿದರೆ ಅವರ ಪ್ರತಿಕ್ರಿಯೆ ಬೇರೆ. ‘ಒಂಬತ್ತ ತೂತ ಇದ್ರ ತುಂಬಾಕ ಯಾಕ ಹೋದ್ರು? ದಂಡಿಗಿ ಎಳದ ತ್ಯಾಪಿ ಹಚ್ಚಬೇಕಿತ್ತು.’ ದೋಣಿ ನಮ್ಮ ಸಾಹಿತ್ಯದಲ್ಲಿ ಬಹಳ ಬೇಗ ರೂಪಕವಾಗಿಬಿಟ್ಟಿದೆ, ವಸ್ತುವಾಗಿ ಅದರ ಚರಿತ್ರೆ ಇನ್ನೂ ಬರೆಯಬೇಕಾಗಿದೆ ಅನ್ನುವುದು ನನ್ನ ವಾದ.

ಕಯಾಕಿನದೂ ಇದೇ ಥರ. ಮೂಲದಲ್ಲಿ ಅದು ಹೊರುವ ದೋಣಿಯೇ. ಮರಗಳಿಲ್ಲದ ನಾಡಿನಲ್ಲಿ ಸಮುದ್ರ ತಂದು ಎಸೆದ ಕಟ್ಟಿಗೆ, ಎಲುಬುಗಳ ಹಂದರಕ್ಕೆ ಸೀಲ್ ಪ್ರಾಣಿಯ ತೊಗಲು ಹೊಲಿದು ಮಾಡಿದ್ದು. ಅಂಗಡಿಯಲ್ಲಿ ಆರಿಸುವ ಮಾತೇ ಇರಲಿಲ್ಲ. ಬೇಟೆಗಾರನ ಚಾಚಿದ ತೋಳು, ಸೊಂಟ, ಮುಷ್ಟಿಗಳ ಅಳತೆ ಹಿಡಿದು ಅಂಗಿ ಹೊಲಿದ ಹಾಗೆ ಅವನಿಗೇ ಮಾಡುತ್ತಿದ್ದರು. ಯುರೋಪಿನವರು ಇದನ್ನು ಎತ್ತಿಕೊಂಡಾಗ ಮೊದಲು ಎದುರಾದದ್ದೂ ಸಾಗಣೆಯೇ. ಜರ್ಮನಿಯ ಯೋಹಾನ್ ಕ್ಲೆಪ್ಪರ್ 1907ರಿಂದ ಮಡಚಿ ಚೀಲದಲ್ಲಿ ತುಂಬಿ ರೈಲಿನಲ್ಲಿ ಒಯ್ಯುವ ಕಯಾಕ್ ತಯಾರಿಸಿದ. ಆಮೇಲೆ ಪ್ಲಾಸ್ಟಿಕ್ ಬಂತು, ಕಾರಿನ ಟಾಪು ಬಂತು, ಭಾರ ಏರಿತು. ಅಮೆರಿಕದ ಹೋಬಿ ಕಂಪನಿ 1997ರಲ್ಲಿ ಕಾಲಿನಿಂದ ತುಳಿಯುವ ವ್ಯವಸ್ಥೆ ತಂದಿತು. ತಳದಲ್ಲಿ ಎರಡು ರೆಕ್ಕೆಗಳು ಆಚೀಚೆ ಬೀಸುತ್ತವೆ. ಬೇರೆ ಕಂಪನಿಗಳು ಸೈಕಲ್ ಪೆಡಲಿಗೆ ಫ್ಯಾನು ಜೋಡಿಸಿದವು. ಎರಡರ ಉದ್ದೇಶವೂ ಒಂದೇ, ಮೀನು ಹಿಡಿಯುವವನ ಕೈ ಖಾಲಿ ಇರಬೇಕು. ಅದಕ್ಕೆ ತೆತ್ತ ಬೆಲೆ ಅಂದರೆ ದೋಣಿ ಈಗ ನಲವತ್ತು ಕಿಲೋ, ಹೆಚ್ಚೂ ಇರಬಹುದು. ಅದಕ್ಕೆ ರಸ್ತೆ ಬೇಕು, ಗಾಡಿ ಬೇಕು.

ಮಾಮಾನ ಮಗ ಹೇಳಿದ ಹಾಗೇ ಮಾಡಿದ. ಪುಣೆಯಲ್ಲಿ ಯಾರೋ ಬಳಸಿ ಬಿಟ್ಟಿದ್ದ ಫ್ಯಾನಿನ ದೋಣಿಯನ್ನು ‘ನೋಡಿ ಹೇಳ್ತೇವಿ’ ಅನ್ನುವ ಕರಾರಿನ ಮೇಲೆ ತಂದ. ಛೋಟಾ ಹತ್ತಿಯಲ್ಲಿ ಸುಮಾರು 250 ಕಿಲೋಮೀಟರ್. ಟೆಂಪೊದ ಹಿಂಭಾಗ ಏಳಡಿ, ದೋಣಿ ಹನ್ನೆರಡಡಿ, ಉಳಿದ ಐದಡಿಗೆ ಕೆಂಪು ಬಟ್ಟೆ ಕಟ್ಟಿದ್ದ. ಬಿಸಿಲಲ್ಲಿ ಹಗ್ಗ ಬಿಗಿದರೆ ಪ್ಲಾಸ್ಟಿಕ್ ತಳ ತಗ್ಗು ಬೀಳುತ್ತದೆ ಅಂತ ರಾತ್ರಿಯೇ ಹೊರಟಿದ್ದ. ಪೆಡಲಿನ ಯಂತ್ರವನ್ನು ಬಿಚ್ಚಿ ಗೋಧಿ ಚೀಲದಲ್ಲಿ ಸುತ್ತಿ ಕಾಲ ಬಳಿ ಇಟ್ಟುಕೊಂಡಿದ್ದ. ಬೆಳಗಿನ ಜಾವ ನಮ್ಮ ಮನೆ ಮುಟ್ಟಿದಾಗ ಮೇಲೆ ಏರಿಸೋಣ ಅಂದೆವು. ಜಿನ್ನಿನ ತಿರುವಿನಲ್ಲಿ ಸಿಕ್ಕಿಬಿತ್ತು. ಓಣಿಯಲ್ಲೇ ಗೋಡೆಗೆ ಒರಗಿಸಿದೆವು. ಅಂಗಡಿ ತೆರೆಯಲು ಬಂದ ನೆರೆಯವರು ಹೊಸ ಮಾದರಿಯ ನೀರಿನ ಟಾಕಿ ಇರಬೇಕು ಅಂದುಕೊಂಡರು.

ಹಳ್ಳಿಯಲ್ಲಿ ರಸ್ತೆ ನದಿಯವರೆಗೆ ಹೋಗುವುದಿಲ್ಲ. ಕಬ್ಬಿನ ಹೊಲದ ನಡುವಿನ ಬದುವಿನ ಮೇಲೆ ಒಂದು ಕಿಲೋಮೀಟರ್ ನಡೆಯಬೇಕು. ಇಬ್ಬರು ಹೊತ್ತು ನಾಲ್ಕು ಸಲ ಇಳಿಸಿದರು. ಮಾಮಾ ತಮ್ಮ ಹರಿಗೋಲು ಹೊತ್ತು ಮುಂದೆ ಹೋಗಿ ದಂಡೆಯಲ್ಲಿ ಕಾಯುತ್ತಾ ಕೂತಿದ್ದರು, ಮುಖದಲ್ಲಿ ಸ್ವಲ್ಪ ಗೆದ್ದ ಕಳೆ. ನೀರಿಗಿಳಿದ ಮೇಲೆ ಎರಡನೆಯ ಪ್ರಶ್ನೆ. ಭೀಮೆಗೆ 1980ರಲ್ಲಿ ಉಜನಿ ಅಣೆಕಟ್ಟು ಪೂರ್ತಿಯಾದ ಮೇಲೆ ಕೆಳಗಿನ ನಮ್ಮ ಕಡೆ ನೀರು ಅಂದರೆ ಬಿಟ್ಟಾಗ ಬರುವುದು. ಎಲ್ಲೋ ಆಳ, ಎಲ್ಲೋ ಪಾದ ಮುಳುಗುವಷ್ಟು. ಫ್ಯಾನಿಗೆ ಒಂದೂವರೆ ಅಡಿಯಾದರೂ ಬೇಕು. ಮರಳಿನ ದಿಬ್ಬಕ್ಕೆ ಎರಡು ಸಲ ತಾಗಿತು, ಆಮೇಲೆ ಜಲಪರ್ಣಿ ಸುತ್ತಿಕೊಂಡಿತು, ಮೂರನೆಯ ಸಲ ಮಾಮಾ ತಾವೇ ಬಿಟ್ಟ ಬಲೆ.

ಇಲ್ಲಿಗೆ ನಿಲ್ಲಿಸಿದರೆ ‘ಹಳೆಯದೇ ಒಳ್ಳೆಯದು’ ಅನ್ನುವ ಕಥೆಯಾಗುತ್ತದೆ. ಅದು ನಿಜವಲ್ಲ. ಬಾಂದಾರದ ಹಿಂದಿನ ನಿಂತ ನೀರಿಗೆ ಹೋದಾಗ ಮಾಮಾ ಅರ್ಧ ತಾಸು ಒಂದೂ ಮಾತಾಡದೆ ತುಳಿದರು. ಅವರ ಬಲಗೈ ಭುಜ ಮೂರು ವರ್ಷದಿಂದ ಮೇಲೇಳುವುದಿಲ್ಲ. ಹುಟ್ಟು ಹಾಕಿದ ರಾತ್ರಿ ನಿದ್ದೆ ಇಲ್ಲ. ಈಗ ಕಾಲು ದೋಣಿ ನಡೆಸುತ್ತಿತ್ತು, ಎರಡೂ ಕೈ ಬಲೆ ಬಿಡುತ್ತಿದ್ದವು. ದಂಡೆಗೆ ಬಂದು, ‘ಭುಜಕ್ಕ ಗೊತ್ತ ಆಗಲಿಲ್ಲ ನೋಡವಾ’ ಅಂದರು. ನನಗೆ ಗಂಟಲು ಕಟ್ಟಿತು. ಮಗ ಲಕ್ಷ ರೂಪಾಯಿಗೆ ಹತ್ತಿರದ ವಸ್ತುವನ್ನು ಯಾಕೆ ಎಳೆದು ತಂದಿದ್ದ ಅನ್ನುವುದು ಆಗ ತಿಳಿಯಿತು.

ದಂಡೆಯಲ್ಲಿ ನಿಂತಿದ್ದ ಮಾಮಿ ಅಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಮಗನಿಗೆ ಕೇಳಿದರು, ‘ನಾ ಎಲ್ಲಿ ಕೂಡ್ಲಿ ಇದರಾಗ?’

ಮಾಮಾನ ಮೂರು ಪ್ರಶ್ನೆಗಳಲ್ಲಿ ಇದು ಇರಲಿಲ್ಲ, ನನ್ನ ಟಿಪ್ಪಣಿ ಪುಸ್ತಕದಲ್ಲೂ ಇರಲಿಲ್ಲ. ಭುಜ ಹೋದಾಗಿನಿಂದ ಹುಟ್ಟು ಹಾಕುವವರು ಮಾಮಿ, ಬಲೆ ಬಿಡುವವರು ಮಾಮಾ. ನಿಜ ಹೇಳಬೇಕೆಂದರೆ ಭುಜ ಹೋಗುವ ಮುಂಚೆಯೂ ವಾರದಲ್ಲಿ ನಾಲ್ಕು ದಿನ ಹಾಗೇ ಇತ್ತು. ಹರಿಗೋಲಿನಲ್ಲಿ ಇಬ್ಬರಿಗೆ ಜಾಗವಿದೆ. ಪೆಡಲು ದೋಣಿಗೆ ಒಂದೇ ಕುರ್ಚಿ. ಮನೆಗೆ ಬಂದು ಮತ್ತೆ ಓದಿದಾಗ ಕಂಡದ್ದು ಇದು: ಇನುಯಿಟ್ ಜನರಲ್ಲಿ ಕಯಾಕ್ ಗಂಡಸಿನ ಬೇಟೆಯ ದೋಣಿ. ಅದರ ಜೊತೆಗೆ ಉಮಿಯಾಕ್ ಅನ್ನುವ ದೊಡ್ಡ ತೆರೆದ ದೋಣಿ ಇತ್ತು, ಗ್ರೀನ್‌ಲ್ಯಾಂಡಿನಲ್ಲಿ ಅದಕ್ಕೆ ಹುಟ್ಟು ಹಾಕುತ್ತಿದ್ದವರು ಹೆಂಗಸರು, ಡೇನಿಶ್ ಭಾಷೆಯಲ್ಲಿ ಅದಕ್ಕೆ ಹೆಂಗಸರ ದೋಣಿ ಅಂತಲೇ ಹೆಸರು. ಲೋಕದ ಅಂಗಡಿಗಳಿಗೆ ಬಂದು ತಲುಪಿದ್ದು ಮಾತ್ರ ಒಂಟಿ ಗಂಡಸಿನ ದೋಣಿ. ನಮ್ಮಲ್ಲೂ ‘ಅಂಬಿಗ’ ಪದಕ್ಕೆ ಎಷ್ಟು ಪಾಠಗಳಿವೆ, ಹುಟ್ಟು ಹಿಡಿದ ಹೆಂಗಸಿಗೆ ಎಷ್ಟಿವೆ ಅಂತ ಗುರುಗಳನ್ನೇ ಕೇಳುತ್ತೇನೆ.

ಮಾಮಿಯ ಮಾತಿನಲ್ಲಿ ಇನ್ನೊಂದು ಭಯವೂ ಇತ್ತು. 2024ರ ಮೇ 21ರಂದು ಉಜನಿಯ ಹಿನ್ನೀರಿನಲ್ಲಿ ಗಾಳಿಗೆ ಪ್ರಯಾಣಿಕರ ದೋಣಿ ಮಗುಚಿ ಆರು ಜನ ತೀರಿಕೊಂಡರು. ಅದಾದ ಮೇಲೆ ಅವರು ಮಾಮಾರನ್ನು ನೀರಿಗೆ ಒಬ್ಬರನ್ನೇ ಬಿಟ್ಟಿಲ್ಲ.

ಎಂಟು ದಿನ ದೋಣಿ ಹಳ್ಳಿಯಲ್ಲಿತ್ತು. ಕೊನೆಗೆ ಮಾಮಾನ ಮಗ ಅದನ್ನು ಮಾರಿದವರಿಗೇ ವಾಪಸ್ಸು ಒಯ್ದ. ನಾನು ಸೊಲ್ಲಾಪುರದ ಹತ್ತಿರದ ಹಿಪ್ಪರಗಾ ಕೆರೆಯಂಥ, ಗಾಡಿ ನೀರಿನವರೆಗೆ ಹೋಗುವ ಜಾಗದಲ್ಲಿ ಅದು ನಡೆದೀತು ಅಂತ ವಾದಿಸಿದೆ. ಯಾರೂ ಒಪ್ಪಲಿಲ್ಲ, ಮನೆ ನದಿಯ ಹತ್ತಿರ ಇದೆಯಲ್ಲ. ಅದರ ಕಾಲು ಭಾಗಕ್ಕೂ ಕಡಿಮೆ ದುಡ್ಡಿಗೆ ಫೈಬರಿನ ಹರಿಗೋಲು ಹೇಳಿದ್ದಾರೆ, ಜೊತೆಗೆ ಎರಡು ಲೈಫ್ ಜಾಕೆಟ್. ಅಳತೆ ಕೊಡಲು ಮಾಮಿಯೇ ಹೋಗಿದ್ದರು. ಅಂಚು ತಮ್ಮ ಮೊಣಕೈಗೆ ತಾಗಬಾರದು ಅಂತ ಎರಡು ಬೆರಳು ಗಿಡ್ಡ ಮಾಡಿಸಿದ್ದಾರೆ. ಬಂದ ದಿನ ಹೊರುವವರು ಯಾರು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ, ಮಾಮಾ ಸಿಂಬಿ ಕೊಡಲು ಒಪ್ಪುತ್ತಿಲ್ಲ.